ಹಳದಿ ಗಾಜಿನ ಬಿಸಿಲು

ನಾನು ಚಿಕ್ಕವಳಿದ್ದಾಗ ದೇವರಿಗೆ ಹೆದರಿದಷ್ಟು ಹಾವಿಗೂ ಹೆದರಿದವಳಲ್ಲ. ಅದಕ್ಕೆ ಕಾರಣ ನಮ್ಮ ಅಕ್ಕ. ಆಗ ನಾವು ಬಬ್ಬೂರಿನಲ್ಲಿದ್ದೆವು. ಭಾನುವಾರ ಬೆಳಿಗ್ಗೆ ಅಪ್ಪ, ಅಕ್ಕ, ನಾನು ಹಿರಿಯೂರಿನ ಚರ್ಚಿಗೆ ನಡೆದೇ ಹೋಗುತ್ತಿದ್ದೆವು. ಅಲ್ಲಿ ಗೋಡೆಯ ಮೇಲ್ಗಡೆ ಹಳದಿ ಗಾಜಿನ ಒಂದು ಕಿಟಕಿ. ಅದರಿಂದ ಇಳಿದ ಬಿಸಿಲು ಆರಾಧನೆ ಮುಗಿಯುವಷ್ಟರಲ್ಲಿ ಚಾಪೆಯಿಂದ ಚಾಪೆಗೆ ಸರಿಯುತ್ತಿತ್ತು.

"ಅದೇ ಕಣೇ ದೇವರ ಮಹಿಮೆ. ಪಾಪ ಮಾಡಿದೋರ ಮೈಮ್ಯಾಲೆ ಬಿದ್ರೆ ಬೊಬ್ಬೆ ಏಳ್ತವೆ," ಅಂದಿದ್ದಳು ಅಕ್ಕ. ಅವಳು ನನಗಿಂತ ಮೂರು ವರ್ಷ ದೊಡ್ಡವಳು, ಗೊತ್ತಿಲ್ಲದ್ದೇ ಇಲ್ಲ ಅವಳಿಗೆ. ನಾನು ನಂಬಿಬಿಟ್ಟೆ.

ನಮ್ಮಲ್ಲಿ ಗಿಡದ ಮೊದಲ ಹಣ್ಣು ದೇವರಿಗೆ. ಪ್ರಥಮ ಫಲ ಅಂತ ಚರ್ಚಿಗೆ ಒಯ್ದು ಇಡುವವರೆಗೆ ಮನೆಯವರು ಯಾರೂ ಮುಟ್ಟುವಂತಿಲ್ಲ. ಆ ವರ್ಷ ಹಿತ್ತಲಿನ ದಾಳಿಂಬೆ ಮೊದಲ ಸಲ ಕಾಯಿ ಬಿಟ್ಟಿತ್ತು, ಒಂದೇ ಒಂದು. ಅಪ್ಪ ಅದಕ್ಕೆ ಬಟ್ಟೆ ಕಟ್ಟಿ ಕಾದಿದ್ದರು. ಶನಿವಾರ ಮಧ್ಯಾಹ್ನ ನಾನು ಆ ಬಟ್ಟೆ ಬಿಚ್ಚಿದೆ. ನೋಡುವುದಕ್ಕೆ ಅಂತಲೇ ಬಿಚ್ಚಿದ್ದು, ಸತ್ಯವಾಗಿ! ಆಮೇಲೆ ಒಂದು ಕಾಳು, ಇನ್ನೊಂದು ಕಾಳು... ಕೊನೆಗೆ ಸಿಪ್ಪೆಯನ್ನು ತಿಪ್ಪೆಯಲ್ಲಿ ಹೂತು ಬಂದೆ. ಸಂಜೆ ಅಪ್ಪ, "ಗಿಣಿ ಕಚ್ಕಂಡು ಹೋಗಿರ್ಬೇಕು ಬಿಡು," ಅಂದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ನಾನು ಬಾಯಿ ಒರೆಸಿಕೊಂಡೆ.

ಮರುದಿನ ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರೆ ನಾನು ಕಣ್ಣು ಬಿಟ್ಟುಕೊಂಡು ಆ ಬಿಸಿಲನ್ನೇ ಕಾಯುತ್ತಿದ್ದೆ. ಅದು ಒಂದು ಗೇಣು ಬಂದರೆ ನಾನು ಒಂದು ಮೊಳ ಸರಿದೆ. ಸರಿದು ಸರಿದು ಹೆಂಗಸರ ಸಾಲು ದಾಟಿ, ಗಂಡಸರ ಚಾಪೆಯ ಕೊನೆಯಲ್ಲಿ ಕೂತಿದ್ದ ಅಪ್ಪನ ಪಕ್ಕ ಹೋಗಿ ಬಿದ್ದೆ. ಮುಂದೆ ಗೋಡೆ. ಬಿಸಿಲು ಕಾಲಿನ ಬಳಿ ಬಂದೇಬಿಟ್ಟಿತು. ಗೊಳೋ ಎಂದು ಅತ್ತೆ.

"ಏನಾತವ್ವಾ?" ಅಪ್ಪ ನನ್ನನ್ನು ತೊಡೆಗೆ ಎಳೆದುಕೊಂಡರು.

"ಹಣ್ಣು ತಿಂದಿದ್ದು ಗಿಣಿ ಅಲ್ಲ, ನಾನು. ಮಹಿಮೆ ನನ್ನ ಸುಡ್ತೈತೆ!"

ಅಪ್ಪ ನಗಲಿಲ್ಲ. ತಮ್ಮ ಕೈಯನ್ನು ಬಿಸಿಲಿಗೆ ಚಾಚಿದರು. "ನಾನೂ ತಪ್ಪು ಮಾಡಿದೋನೇ. ಸುಟ್ಟೈತೇನು, ನೋಡು." ಆಮೇಲೆ ಕಿವಿಯಲ್ಲಿ ಮೆಲ್ಲಗೆ ಹೇಳಿದರು: "ಇದು ಬರೀ ಬಿಸಿಲು. ದೇವರ ಮಹಿಮೆ ಬ್ಯಾರೆ. ನಮ್ಮ ಕೈಲಿ ಅದ್ರ ಹತ್ರ ಹೋಗಾಕೆ ಆಗಲ್ಲ ಅಂತ ಯೇಸುಸ್ವಾಮಿನೇ ನಮ್ಮ ಹತ್ರ ಬಂದ. ನಮ್ಮ ತಪ್ಪು ತಾನು ಹೊತ್ಕಂಡು ಶಿಲುಬೆ ಮ್ಯಾಲೆ ಪ್ರಾಣ ಕೊಟ್ಟ. ಸುಡೋದಲ್ಲವ್ವ, ಉಳಿಸೋದೇ ಅವನ ಮಹಿಮೆ. ತಪ್ಪಾತು ಅನ್ನು, ಸಾಕು."

ತಪ್ಪಾತು ಅಂದೆ. ಅಪ್ಪ ನನ್ನ ಕೈ ಹಿಡಿದು ಬಿಸಿಲಿಗಿಟ್ಟರು. ಬೆಚ್ಚಗಿತ್ತು, ಅಷ್ಟೇ. ಎದೆಯ ಮೇಲಿದ್ದ ರುಬ್ಬುಗುಂಡನ್ನು ಯಾರೋ ಎತ್ತಿಟ್ಟ ಹಾಗಾಯಿತು. ಮನೆಗೆ ಬರುವ ದಾರಿಯಲ್ಲಿ ಅಕ್ಕನಿಗೆ ನಾಲಿಗೆ ಚಾಚಿ ಅಣಕಿಸಿದೆ.

ಈಗ ನಿಮ್ಮ ಚರ್ಚಿನಲ್ಲಿ ಕುರ್ಚಿ, ಫ್ಯಾನು, ಹಾಡು ತೋರಿಸುವ ದೊಡ್ಡ ಪರದೆ ಎಲ್ಲ ಇವೆ. ದೇವರೆಂದರೆ ನಡುಗುವ ಮಕ್ಕಳೂ ಕಡಿಮೆ. ಆದರೆ ಮೊನ್ನೆ ನನ್ನ ಕನ್ನಡಕ ಮುರಿದವರು ಮಂಚದ ಕೆಳಗೆ ಸೇರಿಕೊಂಡಿದ್ದರಲ್ಲ, ಆ ಅಡಗುವುದು ಮಾತ್ರ ಥೇಟ್ ನಮ್ಮ ಕಾಲದ್ದೇ. ಮುಂದಿನ ಸಲ ನೀವಾಗಿಯೇ ಈಚೆ ಬನ್ನಿ, ಮಕ್ಕಳೇ. ಅಜ್ಜಿಗೆ ಮಂಡಿನೋವು, ಅಷ್ಟು ಕೆಳಗೆ ಬಗ್ಗಲಾರಳು. ದೇವರು ಬಗ್ಗುತ್ತಾನೆ.