ಕಣ್ಣಕ್ಕನ ಕಪ್ಪು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಮುನ್ನೂರು ಜನ ಕೈಯಿಂದ ದುಡಿಯುತ್ತಿದ್ದರು, ಒಬ್ಬಳು ಕಣ್ಣಿನಿಂದ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಕಾವಲುಗಾರನಿಂದ ಹಿಡಿದು ವ್ಯವಸ್ಥಾಪಕರವರೆಗೆ ಎಲ್ಲರಿಗೂ ಅವಳು ಕಣ್ಣಕ್ಕ.

ತೊಟ್ಟಿಯಿಂದ ಹೊರಬಂದ ಪ್ರತಿ ಬಟ್ಟೆಯ ಒಂದು ತುಂಡು ಅವಳ ಮೇಜಿಗೆ ಬರಬೇಕು. ಗಿರಾಕಿ ಕಳಿಸಿದ ಮಾದರಿಯ ಪಕ್ಕ ಅದನ್ನಿಟ್ಟು, ಬೂದು ಪೆಟ್ಟಿಗೆಯೊಳಗಿನ ದೀಪ ಹಚ್ಚಿ, ಕೋಳಿಯ ಹಾಗೆ ತಲೆ ಓರೆ ಮಾಡಿ ನೋಡುವಳು. "ಕೆಂಪು ಒಂದೆಳೆ ಜಾಸ್ತಿ," ಎಂದರೆ ಮುಗಿಯಿತು. ಸಾವಿರ ಮೀಟರ್ ಬಟ್ಟೆ ತೆಪ್ಪಗೆ ಮತ್ತೆ ತೊಟ್ಟಿಗಿಳಿಯುತ್ತಿತ್ತು. ಮೂವತ್ತೊಂದು ವರ್ಷ ಅವಳ ಮಾತಿಗೆ ಎದುರಾಡಿದವರಿಲ್ಲ.

ಮನೆಯಲ್ಲೂ ಹಾಗೇ. ಹದಿನೈದು ವರ್ಷದ ಹಿಂದೆ ಟಿವಿ ಕೊಳ್ಳಲು ಹೋದಾಗ ಕಣ್ಣಕ್ಕ ಕೈಚೀಲದಲ್ಲಿ ಅಂಗೈಯಗಲದ ಕಪ್ಪು ಬಟ್ಟೆ ಒಯ್ದಿದ್ದಳು. ಅಂಗಡಿಯ ಪ್ರತಿ ಪರದೆಗೂ ಅದನ್ನು ಹಿಡಿದು ನೋಡಿ, "ಇದು ಬೂದಿ, ಇದೂ ಬೂದಿ, ಇದು ತೊಳೆದ ಹಲಗೆ," ಎನ್ನುತ್ತ ಮುಂದೆ ಹೋಗಿ ಒಂದು ಪ್ಲಾಸ್ಮಾ ಟಿವಿಯ ಎದುರು ನಿಂತಳು. "ಕಪ್ಪು ಅಂದ್ರೆ ಇದು," ಎಂದಳು. ಅದನ್ನು ಗೋಡೆಗೇರಿಸಲು ನಾಲ್ಕು ಜನ ಬೇಕಾದರು. ಅವರಲ್ಲೊಬ್ಬ ಮಾರನೇ ದಿನ ಸೊಂಟ ಹಿಡಿದುಕೊಂಡು ಮಲಗಿದನಂತೆ.

ಅಂದಿನಿಂದ ಆ ಟಿವಿಯ ರಿಮೋಟ್ ಕಣ್ಣಕ್ಕನದು. ವರ್ಷಕ್ಕೊಮ್ಮೆ ಅದರ ಬಣ್ಣಗಳನ್ನು ತಿದ್ದಿ ಸರಿಮಾಡುತ್ತಿದ್ದಳು. ಟಿವಿಗೆ ವಯಸ್ಸಾಗುತ್ತಿದೆ, ಮಂಕಾಗುತ್ತಿದೆ, ಹಳದಿಗೆ ತಿರುಗುತ್ತಿದೆ ಎನ್ನಿಸಿದಾಗಲೆಲ್ಲ ನೀಲಿಯನ್ನು ಎರಡು ಗೆರೆ ಏರಿಸುವಳು.

ಮಗಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಜಗಳವನ್ನೂ ಲೆಕ್ಕದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವವಳು. ಒಂದು ಭಾನುವಾರ ಮಧ್ಯಾಹ್ನ ಶುರುಮಾಡಿದಳು.

"ಅಮ್ಮಾ, ಮೊದಲನೇದಾಗಿ, ಪ್ಲಾಸ್ಮಾ ಟಿವಿ ಮಾಡೋದನ್ನ ಎಲ್ಲಾ ಕಡೆ ನಿಲ್ಲಿಸಿಬಿಟ್ಟಿದ್ದಾರೆ. ಕೆಟ್ಟರೆ ಬಿಡಿಭಾಗ ಸಿಗಲ್ಲ. ಎರಡನೇದು, ಪಕ್ಕದಲ್ಲಿ ಕೂತರೆ ಒಲೆ ಪಕ್ಕ ಕೂತ ಹಾಗಿರುತ್ತೆ. ಮೂರನೇದು, ವಾರ್ತೆ ಓದೋಳ ಮುಖ ನೀಲಿ."

"ನೀಲಿ?"

"ನೀಲಿ. ಮುಳುಗಿ ಸತ್ತವಳ ಹಾಗಿದ್ದಾಳೆ. ನಾಲ್ಕು ವರ್ಷದಿಂದ ಸುಮ್ಮನಿದ್ದೀನಿ."

ಕಣ್ಣಕ್ಕ ಎದ್ದು ಪರದೆಯ ಹತ್ತಿರ ಹೋಗಿ ನೋಡಿದಳು. ವಾರ್ತೆ ಓದುವವಳ ಕೆನ್ನೆ ಆರೋಗ್ಯವಾಗಿ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಹಿಡಿದಿದ್ದ ಗಂಡನ ಕಡೆ ತಿರುಗಿದರೆ ಆತ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡ. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಗಲಾಟೆ ಎದ್ದಾಗ ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಗಳ ಬಾಯಿ ಮುಚ್ಚಿಸಲೆಂದೇ ಕಣ್ಣಕ್ಕ ಅಂಗಡಿಗೆ ಹೋಗಲು ಒಪ್ಪಿದಳು, ಕಪ್ಪು ಬಟ್ಟೆಯ ಸಮೇತ. ಮಾರಾಟದವನು ಮೊದಲು ಎಲ್‌ಇಡಿ ಟಿವಿಗಳ ಸಾಲು ತೋರಿಸಿದ. "ಬೂದಿ," ಎಂದಳು. ಆತ ಬೇಸರಿಸದೆ ಓಎಲ್‌ಇಡಿಯ ಹತ್ತಿರ ಕರೆದೊಯ್ದು, ಇದರಲ್ಲಿ ಕಪ್ಪು ಬೇಕಾದ ಕಡೆ ದೀಪವೇ ಆರಿಹೋಗುತ್ತದೆ ಎಂದು ವಿವರಿಸಿದ. ಬಟ್ಟೆ ಹಿಡಿದು ಬಹಳ ಹೊತ್ತು ನೋಡಿದ ಕಣ್ಣಕ್ಕ, "ಕಪ್ಪು ಪರವಾಗಿಲ್ಲ," ಎಂದಳು. ಮಗಳು ಉಸಿರು ಬಿಗಿಹಿಡಿದಳು. "ಆದರೆ ಇದರಲ್ಲಿರೋರಿಗೆಲ್ಲ ಕಾಮಾಲೆ ಬಂದಿದೆಯಲ್ಲಪ್ಪ."

"ಕಾಮಾಲೆ ಅಲ್ಲಮ್ಮ, ಯಂತ್ರ ಇಟ್ಟು ಅಳೆದು ಹೊಂದಿಸಿರೋ ಬಣ್ಣ ಇದು."

ಯಂತ್ರ ಎಂದ ಕೂಡಲೇ ಕಣ್ಣಕ್ಕನ ಮುಖ ಗಂಟಾಯಿತು. ಹಿಂದಿನ ವರ್ಷ ಕಾರ್ಖಾನೆಗೂ ಬಣ್ಣ ಅಳೆಯುವ ಒಂದು ಯಂತ್ರ ಬಂದಿತ್ತು. ಬಟ್ಟೆಯ ಮೇಲಿಟ್ಟು ಗುಂಡಿ ಒತ್ತಿದರೆ ಅಂಕಿ ಹೇಳುತ್ತಿತ್ತು. ಕಣ್ಣಕ್ಕ ಸೈ ಎಂದದ್ದನ್ನು ಅದು ಬೇಡ ಎಂದ ಸಂದರ್ಭಗಳು ಹನ್ನೊಂದು. ಹನ್ನೊಂದರಲ್ಲೂ ಗೆದ್ದವಳು ಕಣ್ಣಕ್ಕ, ಏಕೆಂದರೆ ಯಂತ್ರಕ್ಕೆ ವಾದ ಮಾಡಲು ಬರುತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಚಿಂತೆ ಹತ್ತಿದ್ದು ಟಿವಿಯದಲ್ಲ, ಮಗಳದು. ಈ ವಯಸ್ಸಿಗೇ ಹುಡುಗಿಗೆ ಎಲ್ಲ ನೀಲಿ ಕಾಣುತ್ತಿದೆಯಲ್ಲ. ಮರುವಾರವೇ ಅವಳನ್ನು ಎಳೆದುಕೊಂಡು ಕಣ್ಣಿನ ವೈದ್ಯೆಯ ಬಳಿ ಹೋದಳು. ವೈದ್ಯೆ ಅಕ್ಷರ ಓದಿಸಿದಳು, ಚುಕ್ಕೆಗಳ ಪುಸ್ತಕ ತೋರಿಸಿದಳು, ದೀಪ ಬಿಟ್ಟು ನೋಡಿದಳು.

"ಇವರ ಕಣ್ಣು ಚಿನ್ನದ ಹಾಗಿದೆ," ಎಂದಳು. "ಯಾಕೆ ಬಂದಿರಿ?"

"ಟಿವಿಯಲ್ಲಿ ಮುಖ ನೀಲಿ ಕಾಣುತ್ತಂತೆ."

"ನಿಮಗೆ?"

"ನನಗೆ ಸರಿಯಾಗೇ ಕಾಣುತ್ತೆ."

ವೈದ್ಯೆ ಕುರ್ಚಿ ತೋರಿಸಿ, "ಬಂದಿದ್ದು ಬಂದಿದ್ದೀರಿ, ನೀವೂ ಒಂದ್ಸಲ ಕೂತ್ಕೊಳ್ಳಿ," ಎಂದಳು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಳೆಯದಲ್ಲ, ವರ್ಷಗಟ್ಟಲೆ ಬೆಳೆದು ಕಂದು ಹಳದಿಗೆ ತಿರುಗಿದ ಪೊರೆ. "ನೀವು ಇಷ್ಟು ದಿನ ಲೋಕವನ್ನ ಹಾಲಿಲ್ಲದ ಟೀ ತುಂಬಿದ ಗಾಜಿನ ಲೋಟದ ಮೂಲಕ ನೋಡ್ತಿದ್ದೀರಿ," ಎಂದಳು ವೈದ್ಯೆ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಕುಲುಕುತ್ತಿದ್ದದ್ದು ಅಳುವಿನಿಂದಲ್ಲ ಎಂದು ತಿಳಿಯಲು ಕಣ್ಣಕ್ಕನಿಗೆ ಒಳ್ಳೆಯ ಕಣ್ಣೇನೂ ಬೇಕಿರಲಿಲ್ಲ.

ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಮಾರನೇ ಬೆಳಿಗ್ಗೆ ಪಟ್ಟಿ ತೆಗೆಸಿಕೊಂಡು ಮನೆಗೆ ಬಂದವಳು ಸೋಫಾದಲ್ಲಿ ಕೂತು ಎದುರಿನ ಟಿವಿ ನೋಡಿದಳು. ವಾರ್ತೆ ಓದುವವಳು ನೀಲಿಯಾಗಿದ್ದಳು. ಕೆನ್ನೆ ನೀಲಿ, ಹಲ್ಲು ನೀಲಿ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದಳು. ಗುಲಾಬಿ ಕೆನ್ನೆ ಮರಳಿ ಬಂತು. ಎಡಗಣ್ಣು ಮುಚ್ಚಿದಳು. ಮತ್ತೆ ನೀಲಿ. ಹೀಗೆ ಒಂದಾದ ಮೇಲೊಂದು ಕಣ್ಣು ಮುಚ್ಚಿ ತೆರೆಯುತ್ತ ಹತ್ತು ನಿಮಿಷ ಕಳೆಯಿತು.

"ಏನೇ ಇದು, ಈ ವಯಸ್ಸಲ್ಲಿ ಕಣ್ಣು ಹೊಡೀತಿದ್ದೀಯ?" ಎಂದ ಗಂಡ.

ಕಣ್ಣಕ್ಕನಿಗೆ ನಗು ಬರಲಿಲ್ಲ. ಅವಳ ತಲೆಯಲ್ಲಿ ಟಿವಿ ಇರಲಿಲ್ಲ, ಯಂತ್ರ ಬೇಡ ಎಂದಿದ್ದ ಆ ಹನ್ನೊಂದು ತುಂಡುಗಳಿದ್ದವು. ಎಡಗಣ್ಣಿನದೂ ಆಗಿ, ವೈದ್ಯೆ ಹೇಳಿದಷ್ಟು ದಿನ ಒಲ್ಲದ ಮನಸ್ಸಿನಿಂದ ಮಲಗಿ ಎದ್ದು, ಕೆಲಸಕ್ಕೆ ಹೋದ ಮೊದಲ ದಿನವೇ ಬೀರು ತೆರೆದು ಅವನ್ನೆಲ್ಲ ಮೇಜಿನ ಮೇಲೆ ಹರಡಿದಳು. ಒಂಬತ್ತರಲ್ಲಿ ಯಂತ್ರದ ಮಾತೇ ಸರಿ. ದಾದಿಯರ ಸಮವಸ್ತ್ರಕ್ಕೆಂದು ಕಳಿಸಿದ್ದ ತಿಳಿನೀಲಿಯ ತುಂಡಂತೂ ಆಕಾಶವನ್ನೂ ಮೀರಿಸಿತ್ತು. ತುಂಡುಗಳನ್ನು ಹಿಡಿದು ನೇರವಾಗಿ ವ್ಯವಸ್ಥಾಪಕರ ಕೋಣೆಗೆ ಹೋದಳು.

"ಒಂಬತ್ತು ಸಲ ತಪ್ಪು ಬಣ್ಣ ಹೊರಗೆ ಕಳಿಸಿದ್ದೀನಿ ಸಾರ್. ಬರೆದುಕೊಳ್ಳಿ."

ವ್ಯವಸ್ಥಾಪಕರು ತುಂಡುಗಳನ್ನು ತಿರುಗಿಸಿ ನೋಡಿದರು. "ಯಾವ ಗಿರಾಕೀನೂ ಒಂದು ಮಾತು ಹೇಳಲಿಲ್ಲವಲ್ಲ ಕಣ್ಣಕ್ಕ. ಯಾರಿಗೂ ಗೊತ್ತೇ ಆಗಿಲ್ಲ."

"ಅದೇ ನೋಡಿ ನನಗೆ ಸಂಕಟ," ಎಂದಳು ಅವಳು. ಮೂವತ್ತೊಂದು ವರ್ಷ ಒಂದೆಳೆ ಕೆಂಪಿಗೆ ತಾನು ಬಟ್ಟೆಯನ್ನು ಮತ್ತೆ ತೊಟ್ಟಿಗಿಳಿಸಿದ್ದನ್ನೂ ಯಾರೂ ಗಮನಿಸಿರಲಿಕ್ಕಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು. ಆಮೇಲೆ ಹೋಗಿ ಯಂತ್ರದ ಮೇಲಿನ ಧೂಳು ಒರೆಸಿದಳು.

ಟಿವಿಯ ನ್ಯಾಯ ಬಾಕಿಯಿತ್ತು. ಕಣ್ಣಕ್ಕ ಮನೆಗೆ ಬಂದು ಅದರ ಬಣ್ಣಗಳನ್ನೆಲ್ಲ ಕೊಂಡ ದಿನ ಇದ್ದ ಹಾಗೆ ಮಾಡಿದಳು. ಮುಖಗಳು ಮುಖಗಳಾದವು. ಮಗಳಿಗೇ ಒಳಗೊಳಗೆ ಪಶ್ಚಾತ್ತಾಪ ಶುರುವಾಯಿತು. ಕಣ್ಣಕ್ಕ ಕಿಟಕಿಯ ಪರದೆ ಎಳೆದು, ಕೋಣೆ ಕತ್ತಲು ಮಾಡಿ, ಕಪ್ಪು ಬಟ್ಟೆಯನ್ನು ಟಿವಿಯ ಕಪ್ಪಿಗೆ ಹಿಡಿದಳು. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಮಾಡಿದಳು.

"ಏನಮ್ಮ?"

"ಬೂದಿ ಅಲ್ಲ," ಎಂದಳು. ನಂತರ, ಹಲ್ಲು ಕೀಳಿಸಿಕೊಂಡವಳ ಧ್ವನಿಯಲ್ಲಿ, "ಕಪ್ಪೂ ಅಲ್ಲ."

ಮರುದಿನ ಅಂಗಡಿಯಲ್ಲಿ ಅವಳನ್ನು ಕಂಡದ್ದೇ ಮಾರಾಟದವನು ಗೋದಾಮಿನ ಬಾಗಿಲ ಕಡೆ ಸರಿದ. ಕಣ್ಣಕ್ಕ ಬಿಡದೆ ಕರೆದು, "ಅವತ್ತು ಕಾಮಾಲೆ ಇದ್ದದ್ದು ನನ್ನ ಕಣ್ಣಿಗೆ, ನಿನ್ನ ಟಿವಿಗಲ್ಲ. ತಪ್ಪಾಯ್ತಪ್ಪ," ಎಂದಳು. ಬಟ್ಟೆ ಹಿಡಿದಳು, ತಲೆ ಓರೆ ಮಾಡಿದಳು, "ಸೈ" ಎಂದಳು. ಹೊಸದಾಗಿ ಏಳು ವಾದಗಳನ್ನು ಪಟ್ಟಿಮಾಡಿ ತಂದಿದ್ದ ಮಗಳಿಗೆ ಒಂದನ್ನೂ ಹೇಳಲಾಗಲಿಲ್ಲ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು.

ಹೊಸ ಟಿವಿಯನ್ನು ಅಂಗಡಿಯ ಹುಡುಗ ಒಬ್ಬನೇ ಕಂಕುಳಲ್ಲಿ ಇಟ್ಟುಕೊಂಡು ಬಂದ. ಕಣ್ಣಕ್ಕನಿಗೆ ಅದೊಂದು ಅವಮಾನವಾಗಿ ಕಂಡಿತು. ಪ್ಲಾಸ್ಮಾ ಇಳಿಸಲು ಕಾರ್ಖಾನೆಯಿಂದ ನಾಲ್ವರು ಬಂದರು. ಕೆಲಸಗಾರರ ಊಟದ ಕೋಣೆಗೆ ಬೇಕೆಂದು ವ್ಯವಸ್ಥಾಪಕರೇ ಕೇಳಿದ್ದರು. ನಾಲ್ವರೂ ಏದುಸಿರು ಬಿಡುತ್ತ ಅದನ್ನು ಗೋಡೆಯಿಂದ ಬಿಡಿಸಿದಾಗ ಹಿಂದೆ ಅಚ್ಚ ಹಸಿರು ಬಣ್ಣದ ಒಂದು ಚೌಕ ಕಾಣಿಸಿತು. ಸುತ್ತಲಿನ ಗೋಡೆ ಹದಿನೈದು ವರ್ಷದ ಬಿಸಿಲಿಗೆ, ಹೊಗೆಗೆ ಮಾಸಿ ಕಂದಾಗಿತ್ತು. ಪೊರೆಗಣ್ಣಿಗೆ ಅದೆಲ್ಲ ಗೊತ್ತೇ ಆಗಿರಲಿಲ್ಲ. ಹೊಸ ಟಿವಿ ಚೌಕವನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಿರಲಿಲ್ಲ.

"ಗೋಡೆಗೆ ಬಣ್ಣ ಹೊಡೆಸಲೇಬೇಕು," ಎಂದಳು ಕಣ್ಣಕ್ಕ. "ರೀ, ಇಲ್ಲಿ ಬನ್ನಿ. ಈ ಹಸಿರೇ ಇರಲೋ, ಈಗಿರೋ ಕಂದೇ ಒಪ್ಪುತ್ತೋ, ನೋಡಿ ಹೇಳಿ."

ಗಂಡ ಪತ್ರಿಕೆ ಮಡಚಿಟ್ಟು ಬಂದು ಗೋಡೆಯ ಮುಂದೆ ನಿಂತ. "ಯಾವ ಹಸಿರು?"

"ಈ ಚೌಕ."

"ಎಲ್ಲಾ ಒಂದೇ ಥರ ಇದೆಯಲ್ಲ."

ಹೊರುವವರು ಟಿವಿಯನ್ನು ಹಿಡಿದುಕೊಂಡೇ ನಿಂತುಬಿಟ್ಟರು. ಕಣ್ಣಕ್ಕ ಅಡುಗೆಮನೆಯಿಂದ ಒಂದು ಟೊಮೆಟೊ ಹಣ್ಣನ್ನೂ ಒಂದು ಕಾಯನ್ನೂ ತಂದು ಅವನ ಮುಂದೆ ಹಿಡಿದಳು. ಆತ ಎರಡನ್ನೂ ಹಿಚುಕಿ ನೋಡಿ, ಮೆತ್ತಗಿದ್ದದ್ದನ್ನು ತೋರಿಸಿ, "ಇದು ಹಣ್ಣು," ಎಂದ.

"ಹುಟ್ಟಿದಾಗಿನಿಂದಲೂ ಹೀಗೇನಾ?"

"ಹೂಂ. ಕೆಂಪು ಹಸಿರು ಗೊತ್ತಾಗಲ್ಲ."

"ಮೂವತ್ತು ವರ್ಷ ಸಂಸಾರ ಮಾಡಿದ್ದೀರಿ. ನನ್ನ ಕೆಲಸವೇ ಬಣ್ಣ. ಒಂದು ದಿನ ಹೇಳಬಾರದಿತ್ತಾ?"

"ಮದುವೆಗೆ ಮುಂಚೆ ಹೇಳಿದ್ದಿದ್ದರೆ ನೀನು ಮಾಡಿಕೊಳ್ತಿರಲಿಲ್ಲ. ಆಮೇಲೆ ಹೇಳೋಕೆ ಹೋದಾಗಲೆಲ್ಲ ನೀನು ಯಾವುದಾದರೂ ಬಣ್ಣದ ವಿಷಯವಾಗಿ ಯಾರನ್ನಾದರೂ ಬೈತಿದ್ದೆ."

ಮಗಳು ನಗು ತಡೆಯಲಾರದೆ ಒಳಗೆ ಓಡಿದಳು. ಕಣ್ಣಕ್ಕ ಗಂಡನನ್ನು ಮೊದಲ ಸಲ ನೋಡುವವಳ ಹಾಗೆ, ತಲೆ ಓರೆ ಮಾಡಿ ನೋಡಿದಳು. ಅಷ್ಟರಲ್ಲಿ ಹೊರುವವರಲ್ಲಿ ಹಿರಿಯನಾದವನು, "ಅಕ್ಕಾ, ಸಂಸಾರದ ಮಾತು ಆಮೇಲೆ ಆಡಿಕೊಳ್ಳಿ, ಮೊದಲು ಬಾಗಿಲು ತೆಗೀರಿ, ಕೈ ಬಿದ್ದುಹೋಗ್ತಿದೆ," ಎಂದ. ಅವಳು ಹೋಗಿ ಬಾಗಿಲು ತೆಗೆದಳು.