ನಾಲಿಗೆ ಚಾಚಿ ಕೂತವರು

ನಿಂಬೆಹಣ್ಣಿನ ವಾಸನೆ ಈಗ ನನಗೆ ಆಗಿಬರುವುದಿಲ್ಲ. ನಿಜವಾದ ಹಣ್ಣಿನದ್ದಲ್ಲ, ಆ ಹಣ್ಣು ಪಾಪ ಏನು ಮಾಡಿತ್ತು? ಗೋಡೆಗೆ ಸಿಕ್ಕಿಸಿದ ಸಣ್ಣ ಡಬ್ಬಿಯೊಂದು ಆಗಾಗ ತಾನಾಗಿಯೇ ಚುಸ್ ಎಂದು ಉಗುಳುತ್ತದಲ್ಲ, ಆ ಸುಳ್ಳು ನಿಂಬೆಯದ್ದು. ರಾಯಚೂರಿನಲ್ಲಿ ನಾನು ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಅಂಥ ಡಬ್ಬಿ ಇತ್ತು. ಅವ್ವ ತೀರಿಕೊಂಡು ವರ್ಷ ತುಂಬುತ್ತ ಬಂತು. ಮೊನ್ನೆ ನಾನು ಪಾಠ ಹೇಳುವ ಶಾಲೆಯ ಆಫೀಸಿನಲ್ಲಿ ಯಾರೋ ಅದೇ ಡಬ್ಬಿ ತಂದು ಗೋಡೆಗೆ ಹಾಕಿದರು. ನಾನು ಎದ್ದು ಹೋಗಿ ಕಿತ್ತು ಕಸದ ಬುಟ್ಟಿಗೆ ಎಸೆದೆ. ಹೆಡ್‌ಮಾಸ್ತರರು ಬೆರಗಾಗಿ, "ಯಾಕ್ರೀ ಮೇಡಮ್, ಏನಾತ್ರಿ?" ಎಂದರು. "ವಾಂತಿ ಬರ್ತದ್ರಿ ಸರ್" ಎಂದೆ. ಸುಳ್ಳೇನೂ ಹೇಳಲಿಲ್ಲ.

ಅವತ್ತೆಲ್ಲ ನನ್ನ ಮೂಗು ಬೇರೆಯೇ ಒಂದು ವಾಸನೆಯನ್ನು ಹುಡುಕುತ್ತಿತ್ತು. ಅದೇನೂ ಸುಗಂಧವಲ್ಲ. ಸ್ಪಿರಿಟ್ಟು, ಸೀಮೆಎಣ್ಣೆಯ ಸ್ಟೋವು, ಅದರ ಮೇಲೆ ತಪ್ಪಲೆಯಲ್ಲಿ ಕುದಿಯುವ ಸೂಜಿಗಳು, ಕೀವು, ಹೊಲದಿಂದ ನೇರವಾಗಿ ಬಂದವರ ಬೆವರು, ಯಾವುದೋ ಕೂಸು ಮಾಡಿದ ಉಚ್ಚೆ, ಇವೆಲ್ಲ ಕಲೆತ ವಾಸನೆ. ಮಾನ್ವಿಯ ಹಳೇ ಪೇಟೆಯಲ್ಲಿದ್ದ ವಾಮನರಾವ್ ಡಾಕ್ಟರ ದವಾಖಾನೆಯ ವಾಸನೆ. ನೀವು ನಮ್ಮ ಕಡೆಯವರಾಗಿದ್ದು, ನಿಮಗೆ ಐವತ್ತು ದಾಟಿದ್ದರೆ, ಇಂಥದೊಂದು ದವಾಖಾನೆಯ ವಾಸನೆ ನಿಮ್ಮ ಮೂಗಿನಲ್ಲೂ ಎಲ್ಲೋ ಉಳಿದಿರಬೇಕು. ಆಗ ದವಾಖಾನೆ ಅಂದರೆ ಡಾಕ್ಟರ ಮನೆಯ ಮುಂದಿನ ಪಡಸಾಲೆ. ನೆಲಕ್ಕೆ ಸವೆದು ನುಣ್ಣಗಾದ ಶಹಾಬಾದಿ ಕಲ್ಲು, ಅಂಗಳದಲ್ಲಿ ಬೇವಿನ ಮರ, ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮುಂದೆ ಕಟ್ಟಿಗೆಯ ಒಂದು ಸ್ಟೂಲು. ಒಳಮನೆಗೂ ಪಡಸಾಲೆಗೂ ನಡುವೆ ಹಸಿರು ಪರದೆ. ಬಾಗಿಲ ಮೇಲೆ ಬೋರ್ಡು ಕೂಡ ಇರಲಿಲ್ಲ. ಯಾರಿಗೆ ಬೇಕಿತ್ತು ಬೋರ್ಡು? ದೇವದುರ್ಗದ ಕಡೆಯಿಂದ ಬಸ್ಸಿನಲ್ಲಿ ಬಂದವರು ಸ್ಟ್ಯಾಂಡಿನಲ್ಲಿ ಇಳಿದು ಹೊಟ್ಟೆ ಹಿಡಿದುಕೊಂಡು ನಿಂತರೆ ಸಾಕು, ಚಹಾದ ಅಂಗಡಿಯವನೇ ಕೈ ತೋರಿಸಿ ದಾರಿ ಹೇಳುತ್ತಿದ್ದ. ಆ ಪಡಸಾಲೆಯಲ್ಲಿ ಹುಣ್ಣು ಕೊಯ್ಯುತ್ತಿದ್ದರು, ಮಕ್ಕಳ ಮೂಗಿನಲ್ಲಿ ಸಿಕ್ಕ ಕಡಲೆ ತೆಗೆಯುತ್ತಿದ್ದರು, ಸೋರುವ ಕಿವಿ ತೊಳೆಯುತ್ತಿದ್ದರು. ಮನೆಯಿಂದ ನಾವೇ ಒಯ್ದ ಬಾಟಲಿಗೆ ಕೆಂಪು ಔಷಧಿ ಸುರಿದು, ಎಷ್ಟೆಷ್ಟು ಕುಡಿಯಬೇಕೆಂದು ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ ಕೊಡುತ್ತಿದ್ದರು.

ಅಲ್ಲಿ ಒಂದು ರೂಢಿಯಿತ್ತು. ಸ್ಟೂಲಿನ ಮೇಲೆ ಕೂತ ಕೂಡಲೇ ಡಾಕ್ಟರು ಹೆಸರು ಕೇಳುತ್ತಿರಲಿಲ್ಲ, ಬೇನೆ ಏನು ಅಂತಲೂ ಕೇಳುತ್ತಿರಲಿಲ್ಲ. "ನಾಲಿಗಿ ತೋರ್ಸು" ಅನ್ನುತ್ತಿದ್ದರು. ಕಾಲು ಮುರಿದವನಿಗೂ ಅದೇ, ಕೆಮ್ಮುವವನಿಗೂ ಅದೇ. ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಬಾಯೊಳಗೆ ಮುಖ ತೂರಿಸುವಷ್ಟು ಹತ್ತಿರ ಬಂದು, ಮೇಲೆ ಕೆಳಗೆ ಪಕ್ಕಕ್ಕೆ ಎಲ್ಲ ನೋಡುತ್ತಿದ್ದರು. ಆಮೇಲೆ, "ಕಂಡ್ತು, ಒಳಗ ತಗೋ" ಅನ್ನುತ್ತಿದ್ದರು. ಅವರು ಹಾಗೆ ಹೇಳುವ ತನಕ ಯಾರೂ ನಾಲಿಗೆ ಒಳಗೆಳೆದುಕೊಳ್ಳುತ್ತಿರಲಿಲ್ಲ. ಬರಬರುತ್ತ ಅವರು ಕೇಳುವ ಅಗತ್ಯವೂ ಉಳಿಯಲಿಲ್ಲ. ಕುಂಡಿ ಸ್ಟೂಲಿಗೆ ತಾಗಿತೋ ಇಲ್ಲವೋ, ನಾಲಿಗೆ ಹೊರಗೆ. ಮಗಳ ಮದುವೆಗೆ ಕರೆಯಲು ಬಂದ ಬಾಗಲವಾಡದ ಗೌಡರೊಬ್ಬರು ಸ್ಟೂಲಿನ ಮೇಲೆ ಕೂತದ್ದೇ ನಾಲಿಗೆ ಚಾಚಿದ್ದನ್ನು ನಾನೇ ಕಂಡಿದ್ದೇನೆ. ಡಾಕ್ಟರೂ ಬಿಡದೆ ನೋಡಿ, "ಕಂಡ್ತು ಗೌಡ್ರ, ಒಳಗ ತಗೋರಿ. ಈಗ ಹೇಳ್ರಿ, ಮದುವಿ ಎಂದದ?" ಎಂದರು. ಇಡೀ ಪಡಸಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ನಮ್ಮ ಜನ ಅದಕ್ಕೆ ತಮ್ಮದೇ ಒಂದು ಅರ್ಥ ಕಟ್ಟಿಕೊಂಡಿದ್ದರು. ನಾಲಿಗೆ ತೋರಿಸಿದರೆ ಮುಗಿಯಿತು, ಮೈಯೊಳಗಿನದೆಲ್ಲ ಡಾಕ್ಟರಿಗೆ ಕಾಣುತ್ತದೆ. ಅದರ ಮೇಲೆ ನಾವು ಬೇರೆ ನನಗೆ ಇಲ್ಲಿ ನೋವು, ಅಲ್ಲಿ ಉರಿ ಎಂದು ಹೇಳುವುದು ಉದ್ಧಟತನ, ಡಾಕ್ಟರನ್ನು ನಂಬದವರು ಮಾಡುವ ಕೆಲಸ. ಅವ್ವನಂತೂ ಇದನ್ನು ವೇದವಾಕ್ಯ ಮಾಡಿಕೊಂಡಿದ್ದಳು. "ನಾವ್ಯಾಕ ಹೇಳಬೇಕು? ನಾಲಿಗಿ ತೋರ್ಸೀವಲ್ಲ, ಅದರಾಗೇ ಎಲ್ಲಾ ಬರ್ದಿರ್ತದ" ಅನ್ನುತ್ತಿದ್ದಳು. ಹುಲಿಗೆಮ್ಮ ಅವಳ ಹೆಸರು. ನೀರಮಾನ್ವಿಯ ಹೊಲೆಗೇರಿಯವಳು, ಕಂಡವರ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ಕೂಲಿ. ಬಾಯಿ ತುಂಬ ಎಲೆ, ಎಲೆಯೊಳಗೆ ತಂಬಾಕು.

ನನಗೆ ಏಳೆಂಟು ವರ್ಷವಿದ್ದಾಗ ಅವ್ವನ ಕಾಲಿಗೆ ನಾರುಹುಣ್ಣಾಯಿತು. ಈಗಿನ ಮಕ್ಕಳಿಗೆ ಆ ಹೆಸರೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮೆಟ್ಟಿಲು ಬಾವಿಯ ನೀರಿನ ಜೊತೆ ಕಣ್ಣಿಗೆ ಕಾಣದಂತೆ ಹೊಟ್ಟೆ ಸೇರಿದ ಹುಳ, ಮೈಯೊಳಗೆ ಮೊಳದುದ್ದ ಬೆಳೆದು, ಕಾಲಿನ ಚರ್ಮ ಸುಟ್ಟುಕೊಂಡು ಹೊರಗೆ ತಲೆ ಹಾಕುತ್ತಿತ್ತು. ಬೆಳ್ಳಗೆ, ಶಾವಿಗೆಯ ಎಳೆಯಂತೆ. ಅವ್ವನ ಹಿಮ್ಮಡಿಯ ಮೇಲಿನ ಬೊಬ್ಬೆ ಒಡೆದು ಕೀವು ಸುರಿದು, ಅದರ ನಡುವೆ ಆ ಎಳೆ ಮಿಸುಕಾಡುವುದನ್ನು ಕಂಡು ನಾನು ದವಾಖಾನೆಯ ಕಟ್ಟೆಯ ಮೇಲೇ ಕಕ್ಕಿದೆ. ಡಾಕ್ಟರು ನೆಲದ ಮೇಲೆ ಕೂತಿದ್ದರು. ಅವ್ವನ ಕಾಲು ಅವರ ತೊಡೆಯ ಮೇಲಿತ್ತು, ಬಿಳಿ ಧೋತರದ ಮೇಲೆ. ಅವ್ವ ನಾಚಿಕೆಯಿಂದಲೂ ಭಯದಿಂದಲೂ ಕಾಲು ಎಳೆದುಕೊಳ್ಳುತ್ತಿದ್ದಳು. "ಯಪ್ಪಾ, ಬ್ಯಾಡ್ರಿ ಯಪ್ಪಾ, ನನ್ನ ಕಾಲು ನಿಮ್ಮ ಮೈಗಿ" ಅನ್ನುತ್ತಿದ್ದಳು. "ಸುಮ್ನ ಕೂಡ್ರು, ಅಲಗಾಡಿದ್ರ ಹರೀತದ" ಎಂದು ಅವರು ಗದರಿದರು. ಹುಳದ ತುದಿಯನ್ನು ಬೆಂಕಿಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅವಸರ ಮಾಡಿ ಹುಳ ಹರಿದರೆ ಒಳಗೇ ಕೊಳೆತು ಕಾಲೇ ಹೋಗುತ್ತದೆ. ಕೂಲಿಯವಳಿಗೆ ಕಾಲು ಹೋದರೆ ಉಳಿಯುವುದಾದರೂ ಏನು? ನಾನು ಬಾಯಿ ಒರೆಸಿಕೊಂಡು ಬಂದು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಡಾಕ್ಟರು ಕೈಯ ಕೆಲಸ ಬಿಡದೆ ಹೇಳಿದರು: "ಹೇಸಿಗಿ ಅನಿಸ್ತದ ಏನವಾ? ಅನಿಸ್ಲಿ. ನನಗೂ ಅನಿಸ್ತದ. ಆದ್ರ ಮುಖ ತಿರುಗಿಸಬ್ಯಾಡ. ನಾವು ಮುಖ ತಿರುಗಿಸಿದ್ವಿ ಅಂದ್ರ ಹುಳಕ್ಕ ಭಾಳ ಖುಷಿ ಆಗ್ತದ."

ದಿನಾ ಹೋದೆವು. ದಿನಾ ನೆಲದ ಮೇಲೆ ಕೂತರು. ಕಡ್ಡಿಯ ಮೇಲೆ ಸುತ್ತು ಏರುತ್ತ ಹೋಯಿತು. ಕೊನೆಯ ಎಳೆ ಹೊರಗೆ ಬಂದ ದಿನ ಅವ್ವ ಅತ್ತಳು, ಅವರು ಕಡ್ಡಿಯನ್ನು ಸ್ಟೋವಿನ ಉರಿಗೆ ಹಿಡಿದರು. ಆ ವಾಸನೆ ಕೂಡ ನೆನಪಿದೆ. ಹೇಸಿಗೆಯದೇ. ಆದರೆ ಅದನ್ನು ನೆನೆದರೆ ನನಗೆ ಹೊಟ್ಟೆ ತೊಳೆಸುವುದಿಲ್ಲ.

ಇಷ್ಟು ಬರೆದು ಕೈಮುಗಿದುಬಿಟ್ಟರೆ ಇದು ಭಜನೆಯಾದೀತು. ಆ ಮನೆಯಲ್ಲಿ ಪರದೆಯ ಆಚೆಗೆ ಡಾಕ್ಟರ ತಾಯಿ ಇದ್ದಳು. ನಮ್ಮ ಕೇರಿಯವರು ಎದ್ದು ಅಂಗಳ ದಾಟುವುದೇ ತಡ, ಪರದೆ ಸರಿಸಿ ತಂಬಿಗೆ ಹಿಡಿದು ಬಂದು ನಾವು ಕೂತ ಸ್ಟೂಲಿಗೂ ಕಲ್ಲಿಗೂ ನೀರು ಚಿಮುಕಿಸುತ್ತಿದ್ದಳು. ಹಿಂತಿರುಗಿ ನೋಡಿದರೆ ಕಲ್ಲಿನ ಮೇಲೆ ಹನಿಗಳು ಹೊಳೆಯುತ್ತಿದ್ದವು. ಅದು ಡಾಕ್ಟರಿಗೂ ಕಾಣುತ್ತಿತ್ತು. ಹುಳದಿಂದ ಮುಖ ತಿರುಗಿಸದ ಮನುಷ್ಯ ತನ್ನ ತಾಯಿಯ ತಂಬಿಗೆ ಕಂಡರೆ ಔಷಧಿ ಬಾಟಲಿಗಳ ಕಡೆ ತಿರುಗಿಬಿಡುತ್ತಿದ್ದರು. ಹೇಸಿಗೆ ಅಂದರೇನು ಎಂದು ನನಗೆ ಕಲಿಸಿದ್ದು ನಾರುಹುಣ್ಣಲ್ಲ, ಆ ನಾಲ್ಕು ಹನಿ ನೀರು. ನಾನು ಓದಿದ್ದು, ಟೀಚರಾದದ್ದು, ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಂದದ್ದು, ಎಲ್ಲದರ ಬುಡದಲ್ಲಿ ಆ ಹನಿಗಳಿವೆ. ಆದರೂ ಅವ್ವ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. "ಮುದುಕಿ ನೀರು ಹೊಡಕೊಳ್ಳಲಿ ಬಿಡು. ಆ ಯಪ್ಪ ನನ್ನ ಕಾಲು ತೊಡಿ ಮ್ಯಾಲ ಇಟ್ಕೊಂಡಾನ" ಅನ್ನುತ್ತಿದ್ದಳು. ಆ ಲೆಕ್ಕ ನನಗೆ ಇವತ್ತಿಗೂ ಸರಿಹೋಗಿಲ್ಲ.

ಡಾಕ್ಟರು ಹೋದರು. ಅದಕ್ಕೂ ಮುಂಚೆ ತಂಬಿಗೆಯ ಮುದುಕಿ ಹೋಗಿದ್ದಳು. ಮಕ್ಕಳು ಮನೆ ಮಾರಿದರು. ಬೇವಿನ ಮರ ಕಡಿದು, ಪಡಸಾಲೆ ಒಡೆದು, ಅಲ್ಲಿ ಗಾಜು ಹಚ್ಚಿದ ಅಂಗಡಿಗಳು ಎದ್ದಿವೆ. ಶಹಾಬಾದಿ ಕಲ್ಲುಗಳನ್ನು ಯಾರೋ ಹೇರಿಕೊಂಡು ಹೋದರಂತೆ. ಅವ್ವನ ಕಾಲು ಮುಟ್ಟಿದ ಕಲ್ಲು, ನೀರು ಚಿಮುಕಿಸಿಕೊಂಡ ಕಲ್ಲು ಈಗ ಯಾರ ಬಚ್ಚಲಿನಲ್ಲಿದೆಯೋ.

ಅವ್ವ ನನ್ನ ಜೊತೆ ರಾಯಚೂರಿನಲ್ಲಿ ಇದ್ದಳು. ಹೋದ ವರ್ಷ ಇದ್ದಕ್ಕಿದ್ದಂತೆ ಊಟ ಕಡಿಮೆ ಮಾಡಿದಳು. "ಊಟ ಸೇರವಲ್ದು" ಎಂಬ ಒಂದೇ ಮಾತು. ಮನೆಗೆ ಹತ್ತಿರವೆಂದು ಆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕುಟುಂಬದ ಡಾಕ್ಟರು ಎಂದು ಬೋರ್ಡಿನಲ್ಲೇ ಬರೆದಿತ್ತು. ಒಳಗೆ ಆಳೆತ್ತರದ ಇನ್ನೊಂದು ಬೋರ್ಡು: ನಮ್ಮಲ್ಲಿ ದೊರೆಯುವ ಸೇವೆಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡು, ಇಡೀ ಮೈ ತಪಾಸಣೆ, ಮನೆ ಬಾಗಿಲಿಗೇ ಬಂದು ರಕ್ತ ಒಯ್ಯುವುದು, ಮೊಬೈಲಿನಲ್ಲೇ ರಿಪೋರ್ಟು, ಚರ್ಮದ ಹೊಳಪು. ಅದರ ಕೆಳಗೆ ಚಿತ್ರದಲ್ಲಿ ಹಲ್ಲು ಕಿರಿಯುವ ಒಂದು ಬಿಳಿ ಕುಟುಂಬ, ನಮ್ಮ ಜಿಲ್ಲೆಯ ಬಿಸಿಲನ್ನು ಕನಸಿನಲ್ಲೂ ಕಾಣದವರು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಚುಸ್ ಎಂದು ನಿಂಬೆ. "ಜೊತಿಗಿ ಬಂದೋರು ಹೊರಗ ಕುಂಡ್ರಬೇಕ್ರಿ ಮೇಡಮ್" ಎಂದು ಬಾಗಿಲಲ್ಲಿದ್ದ ಹುಡುಗಿ ಅವ್ವನನ್ನು ಮಾತ್ರ ಒಳಗೆ ಕಳಿಸಿದಳು. ನಾನು ಕುರ್ಚಿಯಲ್ಲಿ ಒರಗುವುದರೊಳಗೆ ಅವ್ವ ಹೊರಗೆ ಬಂದಿದ್ದಳು, ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ.

"ಎಲ್ಲಾ ನೋಡಿದ್ರೇನಬೇ?" ಎಂದು ಕೇಳಿದೆ.

"ನಾಲಿಗಿ ತೋರ್ಸೀನಿ, ನೋಡ್ಯಾರ" ಎಂದಳು.

ರಕ್ತ ತೆಗೆದರು, ಹೊಟ್ಟೆ ಸ್ಕ್ಯಾನ್ ಮಾಡಿದರು. ಎರಡನೇ ಸಲ ಹೋದಾಗ ಗ್ಲುಕೋಸ್ ಬಾಟಲಿ ಹಾಕಿ ಮಲಗಿಸಿದರು. ಅವ್ವ ಇನ್ನೂ ಸೊರಗಿದಳು. ಅನ್ನಕ್ಕೆ ನೀರು ಹಾಕಿ ಕಿವುಚಿ ಕುಡಿಯತೊಡಗಿದಳು. "ಎಲ್ಲಿ ನೋಯ್ತದ ಹೇಳಬೇ" ಎಂದು ನಾನು ಬಡಿದುಕೊಂಡರೆ, "ನಾಲಿಗಿ ನೋಡಿದ ಮ್ಯಾಲ ಡಾಕ್ಟ್ರಿಗಿ ಗೊತ್ತಿರ್ತದ, ನೀ ಸುಮ್ಕಿರು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನೋಡಿಯೂ ಏನೂ ಹೇಳಲಿಲ್ಲವೆಂದರೆ ಹೆದರುವಂಥದ್ದೇನೂ ಇಲ್ಲ ಎಂದು ಅವಳ ಸಮಾಧಾನ.

ಮೂರನೇ ಸಲ ನಾನು ಆ ಹುಡುಗಿಯ ಮಾತು ಕೇಳಲಿಲ್ಲ. ಅವ್ವನ ಹಿಂದೆಯೇ ನುಗ್ಗಿದೆ. ಒಳಗೆ ಬಿಳಿ ಗೋಡೆ, ದೊಡ್ಡ ಪರದೆಯ ಕಂಪ್ಯೂಟರು, ಅದರ ಹಿಂದೆ ಎಳೆ ವಯಸ್ಸಿನ ಡಾಕ್ಟರು. ಅವ್ವ ಸ್ಟೂಲಿನ ಮೇಲೆ ಕೂತಳು, ಸೆರಗು ಸರಿಮಾಡಿಕೊಂಡಳು, ನಾಲಿಗೆ ಚಾಚಿದಳು. ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ್ರಿ. ವಯಸ್ಸಾಗ್ಯದ, ಅಷ್ಟೇ. ಒಂದು ಟಾನಿಕ್ ಬರೀತೀನಿ" ಎಂದರು. ಅವ್ವ ನಾಲಿಗೆ ಚಾಚಿಕೊಂಡೇ ಇದ್ದಳು. ಮುಖವನ್ನು ಬೆಳಕಿರುವ ಕಡೆ ತಾನೇ ತಿರುಗಿಸಿಕೊಂಡು, ಕಣ್ಣು ಅರೆ ಮುಚ್ಚಿ, ಕಾಯುತ್ತಿದ್ದಳು. ಆಗ ಒಂದು ವಾಸನೆ ಬಂತು, ಮನೆಯಲ್ಲಿ ಎಲೆ ತಂಬಾಕಿನ ಘಾಟು ಮುಚ್ಚಿಟ್ಟಿದ್ದದ್ದು, ಕೊಳೆತ ಮಾಂಸದ್ದು, ನಿಂಬೆಯನ್ನೂ ಸೀಳಿಕೊಂಡು. ಡಾಕ್ಟರು ಗಲ್ಲಕ್ಕೆ ಇಳಿಸಿದ್ದ ಮಾಸ್ಕನ್ನು ಮೂಗಿಗೇರಿಸಿ ಮುಖ ಆಚೆ ತಿರುಗಿಸಿದರು. "ಅಮ್ಮಾ, ಬಾಯಿ ಮುಚ್ರಿ" ಎಂದವರೇ ಗಂಟೆ ಒತ್ತಿ ಮುಂದಿನವರನ್ನು ಕರೆದರು. ಥೂ! ಅದು ತಂಬಿಗೆಯ ನೀರೇ. ಈ ಸಲ ಅದಕ್ಕೆ ನಿಂಬೆಯ ವಾಸನೆ ಬೆರೆಸಿದ್ದರು, ಅಷ್ಟೇ ವ್ಯತ್ಯಾಸ. ಅಂದಿನ ಡಾಕ್ಟರು ತಂಬಿಗೆ ಕಂಡು ಮುಖ ತಿರುಗಿಸುತ್ತಿದ್ದರು, ಇವರು ರೋಗಿಯನ್ನೇ ಕಂಡು ತಿರುಗಿಸಿದರು.

ಅವ್ವ ಬಾಯಿ ಮುಚ್ಚಲಿಲ್ಲ. ಅವಳಿಗೆ ಆ ಮಾತು ಲೆಕ್ಕಕ್ಕೇ ಇರಲಿಲ್ಲ, ಅವಳು ಕಾಯುತ್ತಿದ್ದದ್ದು ಬೇರೆ ಮಾತಿಗೆ. ನಾನು ಅವಳ ಮುಂದೆ ಮೊಣಕಾಲೂರಿ ಗಲ್ಲ ಹಿಡಿದೆ. ಮೊಬೈಲಿನ ಬೆಳಕು ಹಚ್ಚಿದೆ. ನಾಲಿಗೆಯ ಎಡಗಡೆ, ಎಲೆ ತಂಬಾಕು ಒತ್ತಿಟ್ಟುಕೊಳ್ಳುತ್ತಿದ್ದ ಜಾಗದಲ್ಲಿ, ಅಂಚು ಗಟ್ಟಿಯಾಗಿ ನಡುವೆ ಗುಳಿ ಬಿದ್ದ ಹುಣ್ಣು. ಮುಂದಿನದನ್ನು ಹೇಳಿ ನಿಮ್ಮನ್ನು ದಣಿಸುವುದಿಲ್ಲ. ದೊಡ್ಡ ಆಸ್ಪತ್ರೆಯವರು ಮೊದಲೇ ಯಾಕೆ ತರಲಿಲ್ಲ ಎಂದರು, ಮಳೆಗಾಲ ಮುಗಿಯುವ ಮುಂಚೆ ಅವ್ವ ಹೋದಳು. ಆದರೆ ಅಲ್ಲಿ, ಆ ಹುಣ್ಣು ಕಂಡ ಕ್ಷಣದಲ್ಲಿ, ನನ್ನ ಹೊಟ್ಟೆ ತೊಳೆಸಿ ಬಂತು, ಕಟ್ಟೆಯ ಮೇಲೆ ಕಕ್ಕಿದ ದಿನದ ಹಾಗೆಯೇ. ಮುಖ ತಿರುಗಿಸಲಿಲ್ಲ. ಇನ್ನೂ ಹತ್ತಿರ ಹೋದೆ, ಮೇಲೆ ಕೆಳಗೆ ಪಕ್ಕಕ್ಕೆ ಎಲ್ಲ ನೋಡಿದೆ. ಅವ್ವ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

"ಕಂಡ್ತು ಯವ್ವಾ" ಎಂದೆ. "ಒಳಗ ತಗೋ."

ಅವ್ವ ನಾಲಿಗೆ ಒಳಗೆ ತೆಗೆದುಕೊಂಡಳು.