ಗಂಜಿಯಲ್ಲಿ ನಿಲ್ಲದ ಕಡ್ಡಿ

ನನ್ನ ಗಂಡ ಸರ್ವೋತ್ತಮರಿಗೆ ಕೂತಲ್ಲಿ ಕೂತು ಗೊತ್ತಿಲ್ಲ. ಗಲ್ಫಿನ ಈ ಊರಿನ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಫ್ಲ್ಯಾಟ್ ಇರುವುದೇ ಅಂಗೈಯಗಲ. ಅಷ್ಟರಲ್ಲೇ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಶತಪಥ ಹಾಕುತ್ತಿರುತ್ತಾರೆ. ಶಾಲೆಯಲ್ಲಿ ಇತಿಹಾಸದ ಮಾಷ್ಟ್ರು. ಪಾಠ ಅಲ್ಲೇ ಮುಗಿದರೆ ನನ್ನ ಪುಣ್ಯ, ಆದರೆ ಮುಗಿಯುವುದಿಲ್ಲ.

ಈ ವರ್ಷ ಅವರನ್ನು ಹಿಡಿದದ್ದು ಚೀನಾದ ಬರಗಾಲ. ಸುಮಾರು ನೂರೈವತ್ತು ವರ್ಷದ ಹಿಂದೆ ನಮ್ಮ ಕಡೆ ಧಾತು ಸಂವತ್ಸರದ ಬರ ಬಿದ್ದಾಗಲೇ ಅಲ್ಲೂ ಮಳೆ ಕೈಕೊಟ್ಟಿತಂತೆ. ಜನ ಮರದ ತೊಗಟೆ ಕೆರೆದು ತಿಂದರಂತೆ. ಶಾಂಘೈಯವರು ಹಸಿದವರ ಚಿತ್ರ ಅಚ್ಚು ಹಾಕಿಸಿ ಊರೂರಿಗೆ ಹಂಚಿ ಸಹಾಯ ಕೇಳಿದರಂತೆ. ಚಕ್ರವರ್ತಿಗಳ ಆ ದೇಶದಲ್ಲಿ ಸರಕಾರದ ಕಣಜಗಳಿದ್ದವು, ಗಂಜಿ ಕೇಂದ್ರಗಳಿದ್ದವು. ಮಳೆ ಬಾರದಿದ್ದರೆ ಚಕ್ರವರ್ತಿಯೇ ದೇವರ ಮುಂದೆ ನಿಂತು ತಪ್ಪು ತನ್ನದೆಂದು ಒಪ್ಪಿಕೊಳ್ಳುವುದೂ ಇತ್ತಂತೆ. ಇಷ್ಟನ್ನೂ ನಾನು ಬಂಗುಡೆ ಹುರಿಯುತ್ತಾ ಕೇಳಬೇಕು!

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕಡ್ಡಿಯ ಕಥೆ.

"ಗಂಜಿಯಲ್ಲಿ ಊಟದ ಕಡ್ಡಿ ಊರಿದರೆ ನೆಟ್ಟಗೆ ನಿಲ್ಲಬೇಕು ಮಾರಾಯ್ತಿ. ಬಿತ್ತಾ, ಅಧಿಕಾರಿ ಅಕ್ಕಿ ನುಂಗಿದ ಅಂತ ಅರ್ಥ. ಅವನ ತಲೆ ಹೋಯ್ತು!"

ಹೀಗೆಂದು ಜೇಬಿನಿಂದ ಒಂದು ಕಡ್ಡಿ ತೆಗೆಯುತ್ತಿದ್ದರು. ಯಾವುದೋ ಚೈನೀಸ್ ಪಾರ್ಸೆಲಿನೊಟ್ಟಿಗೆ ಬಂದದ್ದು. ಅಂಗಿ ಬದಲಾದರೂ ಕಡ್ಡಿ ಜೇಬು ಬಿಡಲಿಲ್ಲ.

ಅದೇ ಹೊತ್ತಿಗೆ ಊರಾಚೆ ಕಾರ್ಖಾನೆಗಳಿರುವ ಮುಸಫ್ಫಾದಲ್ಲಿ ಒಬ್ಬ ಗುತ್ತಿಗೆದಾರ ಕಂಪನಿ ಮುಚ್ಚಿ ನಾಪತ್ತೆಯಾದ. ಅವನ ಕೆಲಸಗಾರರು ಸಂಬಳವಿಲ್ಲದೆ, ಊರಿಗೂ ಹೋಗಲಾಗದೆ ಕ್ಯಾಂಪಿನಲ್ಲೇ ಸಿಕ್ಕಿಬಿದ್ದರು. ಇಲ್ಲಿನ ನಮ್ಮ ಕನ್ನಡ ಸಂಘದವರು ಊರಿನ ಕುಚ್ಚಲಕ್ಕಿ ಮೂಟೆ ಕೊಟ್ಟರು. ಕ್ಯಾಂಪಿನ ಪಕ್ಕದಲ್ಲಿ ಸಣ್ಣ ಹೋಟೆಲು ಇಟ್ಟಿರುವ ಉಳ್ಳಾಲದ ಮೊಯ್ದೀನ್ ಕಾಕ ಕೂಲಿಯಿಲ್ಲದೆ ದಿನವೂ ಮಧ್ಯಾಹ್ನ ಗಂಜಿ ಬೇಯಿಸಿ ಕೊಡುತ್ತಿದ್ದರು. ಆ ಜನಕ್ಕೆ ಖಾತ್ರಿಯಾಗಿ ಸಿಗುತ್ತಿದ್ದ ಊಟ ಅದೊಂದೇ ಹೊತ್ತಿನದು.

ಉಸ್ತುವಾರಿಗೆಂದು ಶುಕ್ರವಾರ ಇವರು ಹೋದರು, ನಾನೂ ಉಪ್ಪಿನಕಾಯಿ ಹಿಡಿದು ಹೋದೆ. ಹಂಡೆ ಬಂದು ಕೂತದ್ದೇ ತಡ, ಇವರ ಕೈ ಜೇಬಿಗೆ ಹೋಯಿತು. ಬೇಡ ಎನ್ನುವಷ್ಟರಲ್ಲಿ ಕಡ್ಡಿ ಗಂಜಿಗೆ ಬಿದ್ದು, ಓರೆಯಾಗಿ, ಅಂಚಿಗೆ ಒರಗಿತು.

"ನಿಲ್ಲಲಿಲ್ಲ!" ಎಂದರು, ಕಳ್ಳ ಸಿಕ್ಕಿಬಿದ್ದ ಸ್ವರದಲ್ಲಿ. "ನಾವು ಕೊಟ್ಟ ಅಕ್ಕಿ ಎಲ್ಲಿಗೆ ಹೋಯ್ತು ಮೊಯ್ದೀನ್ ಕಾಕ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾಕನ ಮುಖ ಕಪ್ಪಿಟ್ಟಿತು.

"ಖಲಾಸ್ ಮಾಷ್ಟ್ರೇ. ನಾಳೆಯಿಂದ ನೀವೇ ಬೇಯಿಸಿ," ಎಂದು ಸೌಟು ಇಟ್ಟು ಹೋದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಶನಿವಾರವಿಡೀ ಸಂಘದ ವಾಟ್ಸಾಪಿನಲ್ಲಿ ಚರ್ಚೆಯೋ ಚರ್ಚೆ. ಕ್ಯಾಂಪಿನ ಊಟಕ್ಕೆ ಯಾವ ಹೋಟೆಲು, ಯಾರು ತರುವುದು, ಬಿರಿಯಾನಿಯೋ ಅನ್ನ ಸಾರೋ. "ಯಾರಾದರೂ ಕಳಿಸಿರ್ತಾರೆ," ಎಂದುಕೊಂಡು ಇವರು ಬಾಲ್ಕನಿಗೂ ಅಡುಗೆಮನೆಗೂ ನಡೆದದ್ದೇ ನಡೆದದ್ದು. ಸಂಜೆ ನಾನು ಗಂಜಿಯ ಪಾತ್ರೆ ತಂದು ಇವರೆದುರು ಕುಕ್ಕಿದೆ. ಇವರು ಅಭ್ಯಾಸಬಲದಿಂದ ಕಡ್ಡಿ ಊರಿದರು. ಅದು ಬಿತ್ತು. ಮತ್ತೆ ಊರಿದರು, ಮತ್ತೂ ಬಿತ್ತು.

"ಅಮ್ಮಣ್ಣಿ, ಅಕ್ಕಿ ಕಡಿಮೆ ಹಾಕಿದ್ದೀಯಾ?"

ನನ್ನ ಸಿಟ್ಟು ನೆತ್ತಿಗೇರಿತು. "ಹೌದು, ಕದ್ದು ಮಾರಿದೆ! ಸೌಟು ಹಾಕಿ ಅಡಿಯಿಂದ ಎತ್ತಿ ನೋಡಿ ಮಾರಾಯ್ರೆ!"

ಎತ್ತಿದರು. ಸೌಟು ತುಂಬ ಅನ್ನ.

"ಇದು ಕುಚ್ಚಲಕ್ಕಿ. ಅಗುಳು ಅಡಿಗೆ, ತಿಳಿ ಮೇಲೆ. ಚೀನಾದವರು ಬೇಯಿಸಿದ್ದು ಬೆಳ್ತಿಗೆ ಅಕ್ಕಿಯೋ ನವಣೆಯೋ, ಅದು ಅಂಟಿಕೊಳ್ತದೆ. ಹುಟ್ಟಿದಂದಿನಿಂದ ಇದನ್ನೇ ಉಂಡಿದ್ದೀರಿ, ಒಂದು ದಿನ ಪಾತ್ರೆಗೆ ಇಣುಕಿ ಗೊತ್ತುಂಟಾ ನಿಮಗೆ?"

ಇವರು ಕೂತುಬಿಟ್ಟರು. ಪಾಪ ಅನ್ನಿಸಿತು, ಆದರೂ ಬಿಡಲಿಲ್ಲ.

"ತಪ್ಪು ಒಪ್ಪಿಕೊಂಡ ಚಕ್ರವರ್ತಿಯ ಕಥೆ ಬರೀ ಮಕ್ಕಳಿಗೆ ಹೇಳ್ಲಿಕ್ಕಾ?"

ಭಾನುವಾರ ಬೆಳಿಗ್ಗೆಯೇ ಮುಸಫ್ಫಾಕ್ಕೆ ಹೋದೆವು. ಹೋಟೆಲಿನಲ್ಲಿ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೇ ಇವರು ಕೈ ಮುಗಿದರು. "ನಾನು ಎಲ್ಲರ ಮುಂದೆ ಅಂದದ್ದು ಕಾಕ, ಎಲ್ಲರ ಮುಂದೆಯೇ ಹೇಳ್ತೇನೆ. ತಪ್ಪು ನನ್ನದು."

ಕಾಕ ಬಹಳ ಹೊತ್ತು ಲೋಟ ಒರೆಸಿದರು. "ನಮ್ಮನ್ನು ಕಳ್ಳ ಮಾಡಿದಿರಲ್ಲ ಮಾಷ್ಟ್ರೇ," ಎಂದರು ಕೊನೆಗೆ. ಕಣ್ಣು ತುಂಬಿತ್ತು. ಆಮೇಲೆ ಒಳಗೆ ಹೋಗಿ ಒಲೆ ಹೊತ್ತಿಸಿದರು.

ಮಧ್ಯಾಹ್ನ ಬಡಿಸಲು ಸೌಟು ಹಿಡಿದದ್ದು ಇವರೇ. ಸಾಲಿನ ಮುಂದೆ ಇದ್ದವನು ಇಳಕಲ್ಲಿನ ಕಡೆಯ ವೆಲ್ಡರ್ ಗುರುಪಾದಪ್ಪ. ಇವರು ತಡೆಯಲಾರದೆ ಕೇಳಿದರು, "ನಿನ್ನೆ ಊಟ ಯಾರು ಕಳಿಸಿದ್ರು?"

"ಯಾರೂ ಇಲ್ರೀ ಸರ. ಸಂಜಿತನಾ ಬಾಗಿಲಾಗ ಕುಂತಿದ್ವಿ. ಶುಕ್ರವಾರದ್ದು ತೆಳ್ಳಗಿತ್ತೋ ಗಟ್ಟಿ ಇತ್ತೋ ನಮಗ ಗೊತ್ತಿಲ್ಲ, ಹೊಟ್ಟಿ ತುಂಬಿತ್ತು." ತಟ್ಟೆ ಮುಂದೆ ಹಿಡಿದು ನಕ್ಕ. "ನಿನ್ನಿದೂ ಸೇರಿಸಿ ಹಾಕ್ರಿ."

ಇವರು ಅಡಿಯಿಂದ ಎತ್ತಿ ಒಂದು ಸೌಟು ಹಾಕಿದರು. ಮತ್ತೊಂದು ಹಾಕಿದರು. ಇನ್ನೊಂದು ಎತ್ತುವಾಗ ಗುರುಪಾದಪ್ಪನೇ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ.

"ಸಾಕ್ರಿ ಸರ. ಹಿಂದ ಮಂದಿ ಅದಾರ."